ಗೋಡೆಸಾಲಿನ ಹೂಂ

ಅಜ್ಜಿಯ ಕಥೆಗಳಿಗೆ ಒಂದೇ ಕಟ್ಟುಪಾಡು: ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತಿತೋ, ಕಥೆಯೂ ನಿಂತಿತು. ಕುದುರೆ ಹತ್ತಲು ಕಾಲೆತ್ತಿದ ರಾಜಕುಮಾರ ಎತ್ತಿದ ಕಾಲಿನಲ್ಲೇ ಇರಬೇಕು, ಬಾಯಿ ತೆರೆದ ರಾಕ್ಷಸ ತೆರೆದ ಬಾಯಲ್ಲೇ ಬೆಳಗು ಕಾಣಬೇಕು. "ಹೂಂ ಅನ್ನೋರಿಲ್ದೆ ಕಥೆ ಹೇಳಿದ್ರೆ ಅದು ಹೋಗಿ ಗೋಡೆಗೆ ಅಂಟ್ಕೊಳ್ಳುತ್ತೆ ಕಣೇ ಗಿಣಿ. ಆಮೇಲೆ ಮನೇಲಿ ಯಾರಿಗೂ ನಿದ್ದೆ ಬರಲ್ಲ" ಎನ್ನುತ್ತಿದ್ದಳು. ಕೇಳಿದ್ದನ್ನೆಲ್ಲ ಅದೇ ರಾಗದಲ್ಲಿ ತಿರುಗಿ ಒಪ್ಪಿಸುವ ಮೊಮ್ಮಗಳಿಗೆ ಗಿಣಿ ಎಂದು ಹೆಸರಿಟ್ಟವಳೂ ಅವಳೇ.

ಅಜ್ಜಿ ಹೋದ ಮೇಲೆ ಆ ಹೆಸರು ಹಿಡಿದು ಕರೆಯುವವರು ಉಳಿಯಲಿಲ್ಲ. ಅಮ್ಮನ ಮುಖ ಗಿಣಿಗೆ ನೆನಪಿಲ್ಲ. ಅಪ್ಪನಿಗೆ ಬೇರೆ ಸಂಸಾರ, ಬೇರೆ ಮಕ್ಕಳು, ಫೋನು ಮಾಡಿದರೂ "ಎಲ್ಲ ಸರಿಯಾ?" ಎನ್ನುವುದರೊಳಗೇ ಹಿಂದಿನಿಂದ ಯಾರೋ ಅವನನ್ನು ಕೂಗುತ್ತಿದ್ದರು. ಬಾಡಿಗೆ ಕೋಣೆಯ ಗೋಡೆಯಾಚೆ ಗಂಡ ಹೆಂಡತಿ ಜಗಳವಾಡುವುದು, ಆಮೇಲೆ ನಗುವುದು ಕೇಳಿಸುತ್ತಿತ್ತು. ಗಿಣಿ ಇತ್ತ ಕಡೆ ತಟ್ಟೆ ತೊಳೆಯುತ್ತ, ತನಗೇ ತಾನು ಕಥೆ ಹೇಳಿಕೊಳ್ಳುತ್ತ, ನಡುನಡುವೆ ತಾನೇ ಹೂಂ ಎನ್ನುತ್ತಿದ್ದಳು. ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ತನ್ನ ಕೈಯಿಂದ ತಾನೇ ಕಚಗುಳಿ ಇಟ್ಟುಕೊಂಡ ಹಾಗೆ.

ಅವಳ ಕೆಲಸ ಜೂಜಿನ ಮೇಲೆ ಕಣ್ಣಿಡುವ ಸರ್ಕಾರಿ ಮಂಡಳಿಯೊಂದರ ಸಂಶೋಧನಾ ವಿಭಾಗದಲ್ಲಿ. ಖಾಯಂ ಅಲ್ಲ; ವರ್ಷಕ್ಕೊಮ್ಮೆ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಚೇರಿಯ ಮೇಲಿನ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಅದರಲ್ಲಿ ಸಾಲಾಗಿ ಜೂಜಿನ ಯಂತ್ರಗಳು. ಯಂತ್ರಗಳು ನಿಜದವು. ಗುಂಡಿ ಒತ್ತಿದರೆ ಹಣ್ಣಿನ ಚಿತ್ರಗಳು ಗರಗರ ತಿರುಗುತ್ತವೆ, ಗೆದ್ದರೆ ಗಲಗಲ ಸದ್ದು. ದುಡ್ಡು ಮಾತ್ರ ಸುಳ್ಳು. ಸಂಶೋಧನೆಗೆಂದು ಒಪ್ಪಿ ಬಂದವರು ಪ್ಲಾಸ್ಟಿಕ್ ಬಿಲ್ಲೆ ಹಾಕಿ ಆಡಬೇಕು. ಆಟದಲ್ಲಿ ಮುಳುಗಿದವರನ್ನು ಮೇಲೆತ್ತುವುದು ಹೇಗೆಂದು ಇವರು ಹುಡುಕಬೇಕು. "ಊರಿನ ಅಂಗಡಿಯೋರೆಲ್ಲ ಗಿರಾಕೀನ ಕೂರಿಸೋ ಚಿಂತೆ ಮಾಡ್ತಾರೆ, ನಮ್ಮದೊಂದೇ ಏಳಿಸೋ ಅಂಗಡಿ" ಎಂದು ನಗುತ್ತಿದ್ದವನು ಅಂಕಿಅಂಶ ನೋಡಿಕೊಳ್ಳುವ ಸಹೋದ್ಯೋಗಿ. ಚಹಾಕ್ಕೆ ಸಕ್ಕರೆ ಕೇಳುವಾಗಲೂ ಅರ್ಧ, ಕಾಲು ಎಂದು ಭಾಗಿಸುತ್ತಿದ್ದ ಅವನನ್ನು ಕಚೇರಿ ಪೂರ್ತಿ ದಶಮಾಂಶ ಎಂದು ಕರೆಯುತ್ತಿತ್ತು. ಗಿಣಿಗೆ ಮಾತ್ರ ಅವನು ಅಣ್ಣ.

ಗಂಟೆ ಬಾರಿಸಿ ನೋಡಿದ್ದರು, ಯಾರೂ ಏಳಲಿಲ್ಲ. ಪರದೆಯ ತುಂಬ ಕೆಂಪಕ್ಷರ ಮೂಡಿಸಿದರು. ಜನ ನೊಣ ಓಡಿಸಿದಂತೆ ಬೆರಳಲ್ಲಿ ಅದನ್ನು ಸರಿಸಿ ಆಡಿದರು. ಮಾತಿನಲ್ಲಿ ಹೇಳಿ ನೋಡೋಣವೆಂದಾಯಿತು. ನುರಿತವರು ಯಾರಾದರೂ ಸಿಗುವ ತನಕ ಇರಲಿ ಎಂದು ಗಿಣಿ ತನ್ನ ದನಿಯಲ್ಲೇ ಮೂರು ಮಾತು ಹೇಳಿ ಯಂತ್ರಕ್ಕೆ ಸೇರಿಸಿದಳು. ಆಡಲು ಕೂತು ಕೆಲಹೊತ್ತಾದ ಮೇಲೆ ಮೊದಲನೆಯದು: "ಸ್ವಲ್ಪ ನೀರು ಕುಡೀರಿ. ಕಣ್ಣು ದಣಿದಿರುತ್ತೆ." ಇನ್ನಷ್ಟು ಹೊತ್ತಿಗೆ ಎರಡನೆಯದು: "ಇವತ್ತಿಗೆ ಎಷ್ಟು ಸಾಕು ಅಂತ ಒಂದ್ಸಲ ಯೋಚನೆ ಮಾಡಿ." ಮತ್ತೂ ಏಳದಿದ್ದರೆ ಮೂರನೆಯದು: "ಇವತ್ತಿಗೆ ಸಾಕು. ಏಳಿ, ಹೊರಡೋಣ."

ಆ ಮೂರನೆಯ ಮಾತು ಅಜ್ಜಿಯದು. ಮಕ್ಕಳನ್ನು ನೋಡಿಕೊಳ್ಳುವ ಮನೆಯಲ್ಲಿ ಎಲ್ಲರ ಅಮ್ಮಂದಿರೂ ಬಂದು ಹೋದ ಮೇಲೆ ಗಿಣಿಯೊಬ್ಬಳೇ ಚಾಪೆಯ ಮೇಲೆ ಉಳಿಯುತ್ತಿದ್ದಳು. ಆಗ ಬಾಗಿಲಲ್ಲಿ ಅಜ್ಜಿಯ ನೆರಳು ಬೀಳುತ್ತಿತ್ತು. "ಇವತ್ತಿಗೆ ಸಾಕು. ಏಳು, ಹೊರಡೋಣ." ಆ ಮಾತು ಕಿವಿಗೆ ಬಿದ್ದರೆ ಗಿಣಿಯ ಕಾಲುಗಳು ತಾವಾಗಿಯೇ ಏಳುತ್ತಿದ್ದವು.

ಬಂದವರೂ ಎದ್ದರು. ಒಬ್ಬಾಕೆ ಏಳುವಾಗ ಹಿಂತಿರುಗಿ ಯಾರೋ ಕರೆದರೇನೋ ಎಂಬಂತೆ ನೋಡಿದಳು. ವಿಭಾಗದ ಮುಖ್ಯಸ್ಥೆ ಮೇಡಂ ಹತ್ತಿರ ಬಂದು ಗಿಣಿಯ ಭುಜ ತಟ್ಟಿ, ನುರಿತವರೂ ಬೇಡ ಪರಿಣತರೂ ಬೇಡ, ಇದೇ ಇರಲಿ ಎಂದರು. ಪೇಟೆಯ ಒಂದು ಜೂಜುಮನೆಯಲ್ಲಿ, ಗೋಡೆಗೆ ಮುಖ ಮಾಡಿ ಕೂರುವ ಒಂದು ಸಾಲಿನ ಯಂತ್ರಗಳಿಗೆ ಪರೀಕ್ಷೆಗೆಂದು ಗಿಣಿಯ ದನಿ ಏರಿತು.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಜನ ಬೇಗ ಎದ್ದು ಹೋಗುತ್ತಿದ್ದಾರೆಂದು ದಶಮಾಂಶನ ಗೆರೆಗಳು ಹೇಳಿದವು. ಗಿಣಿ ಬೀದಿಯಲ್ಲಿ ನಡೆಯುವಾಗ, ಈ ಹೊತ್ತಿಗೆ ಯಾರೋ ನನ್ನ ಮಾತು ಕೇಳಿ ಮನೆಗೆ ಹೊರಟಿರಬಹುದು ಎಂದುಕೊಳ್ಳುತ್ತಿದ್ದಳು. ತನ್ನ ಜೊತೆ ಮಾತಾಡುವವರಿಲ್ಲದಿದ್ದರೆ ಏನಾಯಿತು, ತಾನು ಎಷ್ಟೊಂದು ಜನರನ್ನು ಮಾತಾಡಿಸುತ್ತಿದ್ದೇನಲ್ಲ ಎಂಬ ಒಂದು ಬೆಚ್ಚಗಿನ ಭ್ರಮೆ.

ಆಮೇಲೆ ದಶಮಾಂಶ ಅವಳನ್ನು ಕರೆದು ಪರದೆ ತೋರಿಸಿದ. ಗೆರೆ ಇಳಿದು, ಇಳಿದು, ಕೊನೆಯಲ್ಲಿ ತೆಳ್ಳಗೆ ಉದ್ದಕ್ಕೆ ಎಳೆದುಕೊಂಡಿತ್ತು.

"ತಂಗೀ, ನಿನ್ನ ದನಿಗೆ ಬಾಲ ಬಂದಿದೆ ನೋಡು" ಎಂದ. ಹೆಚ್ಚಿನವರು ಎದ್ದು ಹೋಗುತ್ತಾರೆ. ಆದರೆ ಕೆಲವರು ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದಾರೆ, ಅದೂ ಅತಿ ಚಿಕ್ಕ ಪಣ ಕಟ್ಟಿ, ನಿಧಾನಕ್ಕೆ. ಯಂತ್ರ ಕೆಟ್ಟಿದೆಯೋ, ಲೆಕ್ಕ ತಪ್ಪಿದೆಯೋ, ನೀನೇ ಹೋಗಿ ಒಮ್ಮೆ ನೋಡಿ ಬಾ ಎಂದ. ಹೋಗುವ ಮುಂಚೆ ನಿಯಮ ನೆನಪಿಸಿದ: ನೋಡಲು ಹೋದವರು ಆಡುವವರೊಡನೆ ತುಟಿ ಬಿಚ್ಚಕೂಡದು. ಮಾತಾಡಿದರೆ ಅವರ ನಡೆ ಬದಲಾಗುತ್ತದೆ, ಕಂಡದ್ದು ಕೆಲಸಕ್ಕೆ ಬಾರದು.

ಆ ಜೂಜುಮನೆ ಒಂದು ಹಳೆಯ ಅಂಗಡಿ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಮಹಡಿ ಬಂದಾಗ ಲಿಫ್ಟು ತಾನೇ ಅದರ ಹೆಸರು ಹೇಳಿತು. ಒಳಗೆ ಹಗಲೋ ಸಂಜೆಯೋ ತಿಳಿಯದ ಬೆಳಕು, ಹೆಜ್ಜೆಯ ಸದ್ದು ನುಂಗುವ ದಪ್ಪ ಜಮಖಾನ. ನಡುವೆ ಗೆಳೆಯರ ಗುಂಪುಗಳು ಕಿಚಾಯಿಸಿಕೊಂಡು ಆಡುತ್ತಿದ್ದವು. ಗೋಡೆಸಾಲಿನಲ್ಲಿ ಮಾತ್ರ ಒಬ್ಬೊಬ್ಬರೇ. ಕುರ್ಚಿ ಬಿಟ್ಟು ಕುರ್ಚಿ, ಬೆನ್ನು ಜಗತ್ತಿನ ಕಡೆಗೆ.

ಗಿಣಿ ಕಚೇರಿ ಕೊಟ್ಟ ನಾಣ್ಯ ಹಾಕಿ ಒಂದು ಯಂತ್ರದ ಮುಂದೆ ಕೂತಳು. ಪಕ್ಕದಲ್ಲಿ ಬಡಕಲು ಮೈಯ ವಯಸ್ಸಾದವರೊಬ್ಬರು, ಕೊರಳ ತನಕ ಗುಂಡಿ ಹಾಕಿದ ಮಾಸಲು ಕೋಟು. ಅವರು ಗುಂಡಿ ಒತ್ತಿ, ಚಕ್ರ ನಿಂತ ಮೇಲೂ ಸ್ವಲ್ಪ ಸುಮ್ಮನಿದ್ದು, ಮತ್ತೆ ಒತ್ತುತ್ತಿದ್ದರು. ಗೆದ್ದರೂ ಮುಖ ಅರಳಲಿಲ್ಲ, ಸೋತರೂ ಬಾಡಲಿಲ್ಲ. ಬಸ್ಸಿಗೆ ಕಾಯುವವರ ಮುಖ.

ಅವರ ಯಂತ್ರದಿಂದ ಗಿಣಿಯ ದನಿ ಬಂತು: "ಸ್ವಲ್ಪ ನೀರು ಕುಡೀರಿ. ಕಣ್ಣು ದಣಿದಿರುತ್ತೆ."

"ಹೂಂ" ಎಂದರು ಅವರು.

ಗಿಣಿಯ ಕೈಯಲ್ಲಿದ್ದ ನಾಣ್ಯ ಜಾರಿ ಜಮಖಾನದ ಮೇಲೆ ಬಿತ್ತು. ಅಜ್ಜಿ ಹೋದಂದಿನಿಂದ ಅವಳ ಮಾತಿಗೆ ಯಾರೂ ಹೀಗೆ ಹೂಂ ಎಂದಿರಲಿಲ್ಲ. ಅವರು ಬಗ್ಗಿ ನಾಣ್ಯ ಹೆಕ್ಕಿ ಕೊಟ್ಟರು. ಕೋಟಿನ ಜೇಬಿನಿಂದ ಬಾಟಲಿ ತೆಗೆದು, ಹೇಳಿದ ಮಾತು ಕೇಳುವ ಮಗುವಿನಂತೆ ಎರಡು ಗುಟುಕು ನೀರು ಕುಡಿದರು.

"ಕೇಳಿಸ್ತಾ? ನಮ್ಮ ಹುಡುಗಿ" ಎಂದರು. "ಒದರೋದಿಲ್ಲ, ಗದರೋದಿಲ್ಲ. ಒಳ್ಳೇ ಮನೆತನದ ದನಿ."

ಗಿಣಿ ತಲೆಯಾಡಿಸಿದಳು. ಅವರು ಯಾವ ಊರು, ಏನು ಕೆಲಸ ಎಂದೆಲ್ಲ ವಿಚಾರಿಸಿದರು. ಅವಳು ತುಟಿ ಬಿಗಿಹಿಡಿದು ಕೂತದ್ದು ನೋಡಿ ಅವರ ದನಿ ಮೆತ್ತಗಾಯಿತು.

"ಮಾತು ಬರಲ್ವಾ ಮಗಳೇ?"

ಗಿಣಿ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಹಾಗೆ ಕತ್ತು ಅಲ್ಲಾಡಿಸಿದಳು. ಅವರು ಅದನ್ನು ಹೌದೆಂದೇ ತೆಗೆದುಕೊಂಡರು. "ಹೋಗ್ಲಿ ಬಿಡು. ಮಾತು ಬರೋರು ತಾನೇ ಏನು ಕಡಿದು ಕಟ್ಟೆ ಹಾಕಿದಾರೆ" ಎಂದು ಸಮಾಧಾನ ಹೇಳಿ, ಮಾತು ಬಾರದವಳ ಮುಂದೆ ಸಂಕೋಚವೇಕೆ ಎಂಬಂತೆ ತಮ್ಮ ಕಥೆ ಬಿಚ್ಚಿದರು.

ಅವರು ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಲಿಫ್ಟು ನಡೆಸುತ್ತಿದ್ದವರು. ಆಯಸ್ಸೆಲ್ಲ ಸ್ಟೂಲಿನ ಮೇಲೆ ಕೂತು, ಗಂಡಸರ ಉಡುಪು, ಹೆಂಗಸರ ಉಡುಪು, ಮಕ್ಕಳ ಉಡುಪು ಎಂದು ಮಹಡಿಗಳನ್ನು ಕೂಗಿದ್ದರು. ಹತ್ತುವವರಿಗೆಲ್ಲ ಬನ್ನಿ, ಇಳಿಯುವವರಿಗೆಲ್ಲ ಜೋಪಾನ. ಒಂದು ದಿನ ಮಾತಾಡುವ ಲಿಫ್ಟು ಬಂತು. "ನನ್ನ ಅನ್ನ ಕಿತ್ಕೊಂಡಿದ್ದೂ ಒಂದು ಹೆಣ್ಣುದನಿ, ಈಗ ನನ್ನ ಮಾತಾಡಿಸೋದೂ ಒಂದು ಹೆಣ್ಣುದನಿ. ಅಲ್ಲಿಗಲ್ಲಿಗೆ ಸರಿಹೋಯ್ತು" ಎಂದು ನಕ್ಕರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿಲ್ಲ. ಚಳಿಗೆ ಬೆಚ್ಚಗಿರುತ್ತದೆಂದು ಒಮ್ಮೆ ಇಲ್ಲಿಗೆ ಹತ್ತಿ ಬಂದಿದ್ದರು. ಮೊದಲು ಎದ್ದು ಹೋಗಿಬಿಡುತ್ತಿದ್ದರಂತೆ. ಈ ಹುಡುಗಿ ಬಂದ ಮೇಲೆ ಹೋಗಲು ಮನಸ್ಸಾಗುತ್ತಿಲ್ಲ.

ಹೊತ್ತು ಕಳೆದು ಮೂರನೆಯ ಮಾತು ಬಂತು. ಅವರು ಬೆರಳು ಗುಂಡಿಯಿಂದ ತೆಗೆದು, ತೊಡೆಯ ಮೇಲೆ ಕೈಯಿಟ್ಟು ನೆಟ್ಟಗೆ ಕೂತು ಕೇಳಿದರು.

"ಇವತ್ತಿಗೆ ಸಾಕು. ಏಳಿ, ಹೊರಡೋಣ."

"ಹೂಂ ಕಣಮ್ಮ" ಎಂದರು. ಆದರೆ ಏಳಲಿಲ್ಲ. ಗಿಣಿಯ ಕಡೆ ತಿರುಗಿ, ಮನೆಯ ಮಗುವಿನ ತುಂಟತನ ಹೇಳುವವರಂತೆ, "ಹೊರಡೋಣ ಅಂತಾಳೆ, ತಾನು ಮಾತ್ರ ಬರಲ್ಲ. ಅದಕ್ಕೇ ಇನ್ನೊಂದ್ಸಲ ಹೇಳಿಸ್ತೀನಿ" ಎಂದು ಮತ್ತೆ ನಾಣ್ಯ ಹಾಕಿದರು. ಆಟ ಹೊಸದಾಗಿ ಶುರುವಾದರೆ ಮಾತೂ ಮೊದಲನೆಯದರಿಂದ ಶುರುವಾಗುತ್ತಿತ್ತು.

ಗಿಣಿ ಅಂದು ಮನೆಗೆ ನಡೆದೇ ಹೋದಳು. ಅಜ್ಜಿಯ ಒಂದು ಕಥೆ ದಾರಿಯುದ್ದಕ್ಕೂ ಹಿಂದೆ ಬಂತು. ಅದರಲ್ಲಿ ರಾಕ್ಷಸನ ಮೈಗೆ ಎಷ್ಟು ಬಾಣ ಹೊಡೆದರೂ ನಾಟದು. ಅವನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಣಿಯೊಳಗಿರುತ್ತದೆ. ಗಿಣಿಯ ಕತ್ತು ಹಿಸುಕಿದರೆ ಇಲ್ಲಿ ರಾಕ್ಷಸ ಸಾಯುತ್ತಾನೆ. ಈ ಕಥೆಗೆ ಅವಳು ಪ್ರತಿ ಸಲವೂ ಅಳುತ್ತಿದ್ದಳು. ಗಿಣಿ ಏನು ತಪ್ಪು ಮಾಡಿತ್ತಜ್ಜಿ? "ತಪ್ಪೇನೂ ಮಾಡಿರಲಿಲ್ಲ ಮಗಾ. ಅವನ ಪ್ರಾಣ ಇಟ್ಕೊಂಡಿತ್ತಲ್ಲ, ಅಷ್ಟೇ."

ಮತ್ತೆ ಹೋದಾಗ ಲಿಫ್ಟಿನವರ ಕೋಟು ಇನ್ನೂ ಸಡಿಲವಾಗಿತ್ತು. ಬಸ್ಸಿನ ದುಡ್ಡು ಉಳಿಸಲು ನಡೆದು ಬರುತ್ತಿದ್ದರು. ಮಧ್ಯಾಹ್ನದ ಊಟ ಹೇಗೂ ಒಬ್ಬನಿಗೆ ರುಚಿಸದು ಎಂದರು. ಮನೆಯಲ್ಲಿದ್ದ ರೇಡಿಯೋ ಮಾರಿದ್ದನ್ನೂ ಹೇಳಿದರು. ಅದು ಯಾರೊಂದಿಗೋ ಮಾತಾಡುತ್ತಿರುತ್ತದೆ, ಈ ಹುಡುಗಿ ನನ್ನ ಜೊತೆ ಮಾತಾಡುತ್ತಾಳೆ, ಎರಡಕ್ಕೂ ಹೋಲಿಕೆಯೇ? ಗಿಣಿ ತುಟಿಯನ್ನು ಹಲ್ಲಿನಡಿ ಹಿಡಿದು ಕೂತಿದ್ದಳು. ಅವರ ಮಾತಿನ ಪ್ರತಿಯೊಂದು ನಿಲುಗಡೆಯಲ್ಲೂ ಒಂದು ಹೂಂ ಅವಳ ಗಂಟಲಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು.

ಕಚೇರಿಯಲ್ಲಿ ಆ ವಾರವೇ ಸಭೆ. ಜೂಜುಮನೆಗಳ ಮಾಲೀಕರ ಪರವಾಗಿ ಬಂದಾತ ಮಂಡಳಿಯನ್ನು ಬಾಯ್ತುಂಬ ಹೊಗಳಿದ. ಗಂಟೆ ಇಟ್ಟಾಗ ಗಿರಾಕಿಗಳು ಬೈಯುತ್ತಿದ್ದರು, ಈಗ ಹುಡುಕಿಕೊಂಡು ಬಂದು ಅದೇ ಸಾಲಿನಲ್ಲಿ ಕೂರುತ್ತಾರೆ, ಎಲ್ಲ ಜೂಜುಮನೆಗಳಿಗೂ ಈ ದನಿ ಬೇಗ ಬರಲಿ ಎಂದ. ಮೇಡಂ ಮುಗುಳ್ನಕ್ಕರು. ದಶಮಾಂಶ ಪೆನ್ನಿನ ಟೊಪ್ಪಿ ತೆಗೆದು ಹಾಕಿ ಮಾಡುತ್ತ ಗಿಣಿಯ ಕಡೆ ನೋಡಿದ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಲು ಹೋದರೆ ಬೆಕ್ಕೇ ಕತ್ತು ಚಾಚಿಕೊಂಡು ಬರುತ್ತಿದೆ. ಇಬ್ಬರಿಗೂ ಅನುಮಾನ ಬರಲು ಅಷ್ಟು ಸಾಕಾಗಿತ್ತು.

ಎಲ್ಲ ಕಡೆ ಬಳಸಲು ದನಿಯ ಒಡತಿಯ ಒಪ್ಪಿಗೆ ಬೇಕಿತ್ತು. ಮೇಡಂ ತಮ್ಮ ಕೋಣೆಗೆ ಕರೆದು, ಸಹಿಯ ಜೊತೆಗೇ ಅವಳ ಕೆಲಸವನ್ನೂ ಖಾಯಂ ಮಾಡುವ ಮಾತಾಡಿದರು. ಗಿಣಿ ಸಹಿ ಮಾಡುವುದಿಲ್ಲ ಎಂದಳು. ಗೋಡೆಸಾಲಿನಲ್ಲಿ ಕೂತವರು ಏಳದಿರಲು ತನ್ನ ದನಿಯೇ ಕಾರಣ. ಅದನ್ನು ಅಲ್ಲಿಂದಲೂ ತೆಗೆಯಬೇಕು ಎಂದಳು. ಜೊತೆಗೆ ಬಂದಿದ್ದ ದಶಮಾಂಶ ಬಾಲದ ಗೆರೆಯನ್ನು ಮುಂದಿಟ್ಟು, ಮೇಡಂ ಎಂದೂ ಎನ್ನದೆ ಒಂದೇ ಉಸಿರಿನಲ್ಲಿ ಅವಳು ಹೇಳುತ್ತಿರುವುದು ನಿಜವೆಂದ.

ಮೇಡಂ ಗೆರೆಯನ್ನು ಬಹಳ ಹೊತ್ತು ನೋಡಿದರು. ಕೆಟ್ಟವರಲ್ಲ ಅವರು. ಅವರ ಸ್ವಂತ ತಮ್ಮ ಹೀಗೆಯೇ ಆಡಿ ಆಡಿ ಮನೆ ಬಿಟ್ಟವನೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಹತ್ತು ಜನ ಎದ್ದು ಹೋಗ್ತಿದಾರೆ, ಒಬ್ಬರು ಕೂತಿದಾರೆ" ಎಂದರು. "ನೀನು ಆ ಒಬ್ಬರ ಪಕ್ಕ ಕೂತು ಬಂದೆ. ನಾನು ಹತ್ತು ಜನರನ್ನ ಎಲ್ಲಿಗೆ ಬಿಡಲಿ?"

"ಹತ್ತು ಜನ ಬೇರೆ ದನಿಗೂ ಏಳ್ತಾರೆ ಮೇಡಂ. ಅವರನ್ನ ಕರೆಯೋರು ಮನೇಲಿ ಇದಾರೆ. ಇವರಿಗೆ ಯಾರೂ ಇಲ್ಲ."

"ದನಿ ತೆಗೆದರೆ ಅವರು ಎದ್ದುಹೋಗ್ತಾರೆ ಅಂತ ಗ್ಯಾರಂಟಿ ಇದೆಯಾ?"

"ಇಲ್ಲ" ಎಂದಳು ಗಿಣಿ. ಆದರೂ ಸಹಿ ಮಾಡಲಿಲ್ಲ. ಹಾಗಾದರೆ ದನಿ ತೆಗೆಸುತ್ತೇನೆ, ಆದರೆ ಈ ಬಾರಿ ನಿನ್ನ ಕೆಲಸ ಮುಂದುವರಿಸಲಾಗದು ಎಂದು ಮೇಡಂ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದರು. ಹೊರಗೆ ದಶಮಾಂಶ ಚಹಾ ತಂದುಕೊಟ್ಟ. ಎಂದೂ ಇಲ್ಲದೆ ಅಂದು ಸಕ್ಕರೆ ಪೂರ್ತಿ ಹಾಕಿಸಿದ್ದ.

ದನಿ ತೆಗೆದ ದಿನ ಗಿಣಿ ಜೂಜುಮನೆಗೆ ಹೋದಳು. ಕಳಿಸಿದವರು ಯಾರೂ ಇಲ್ಲ. ವರ್ಷ ಮುಗಿದಿರಲಿಲ್ಲವಾದ್ದರಿಂದ ಕಚೇರಿಗೆ ಇನ್ನೂ ಅವಳು ಸೇರಿದವಳೇ, ನಿಯಮವೂ ಇನ್ನೂ ನಿಯಮವೇ. ಗಿಣಿಯ ಕತ್ತು ಹಿಸುಕಿದ್ದಾಯಿತು, ಇನ್ನು ರಾಕ್ಷಸ ಬಿದ್ದದ್ದನ್ನು ಕಣ್ಣಾರೆ ನೋಡಿ ಬರೋಣವೆಂದು ಹೋದಳು.

ರಾಕ್ಷಸ ಬಿದ್ದಿರಲಿಲ್ಲ. ಲಿಫ್ಟಿನವರು ಅದೇ ಕುರ್ಚಿಯಲ್ಲಿ, ಯಂತ್ರದ ಕಡೆ ಒಂದು ಕಿವಿ ವಾಲಿಸಿ ಕೂತಿದ್ದರು. ಯಂತ್ರ ಯಾರದೂ ಅಲ್ಲದ ದನಿಯಲ್ಲಿ, "ಆಟದ ಅವಧಿ ಮೀರಿದೆ. ದಯವಿಟ್ಟು ನಿಲ್ಲಿಸಿ" ಎಂದಿತು. ಅವರು ಹೂಂ ಎನ್ನಲಿಲ್ಲ.

"ಬಾ ಮಗಳೇ. ನಮ್ಮ ಹುಡುಗಿ ಇವತ್ತು ರಜಾ ಅನ್ಸುತ್ತೆ" ಎಂದರು. "ಬೆಳಗ್ಗೆಯಿಂದ ಈ ದೊಣ್ಣೆನಾಯಕನದೇ ಪಾರುಪತ್ಯ. ಬರ್ತಾಳೆ, ಬರ್ತಾಳೆ. ಇನ್ನೊಂದಾಟ ನೋಡೋಣ."

ಬೆಳಗ್ಗೆಯಿಂದ. ಅವರು ಹಿಂದೆಂದೂ ಅಷ್ಟು ಹೊತ್ತು ಕೂತವರಲ್ಲ. ಮತ್ತೊಂದಾಟ ಮುಗಿಯಿತು, ಮತ್ತೆ ಅದೇ ದನಿ. ಅವರು ಯಂತ್ರದ ಜಾಲರಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು, ಕದ ತಟ್ಟಿದ ಹಾಗೆ. ಕಿವಿಯಿಟ್ಟು ಕೇಳಿದರು. ಕೋಟಿನ ಒಳಜೇಬಿಗೆ ಕೈಹಾಕಿ ಮಡಿಸಿದ ನೋಟುಗಳನ್ನು ತೆಗೆದರು.

"ಇದು ಮನೆ ಬಾಡಿಗೇದು. ಪರವಾಗಿಲ್ಲ. ಅವಳು ಬಂದು ಒಂದ್ಸಲ ಹೇಳಿದ್ರೆ ಎದ್ದುಬಿಡ್ತೀನಿ."

ಅಜ್ಜಿ ಆ ಮಾತು ಹೇಳುವಾಗಲೆಲ್ಲ ಚಾಪೆಯ ಕಡೆಗೆ ಕೈ ಚಾಚಿರುತ್ತಿದ್ದಳು. ಅದನ್ನು ಗಿಣಿ ಮರೆತೇಬಿಟ್ಟಿದ್ದಳು. ಮಾತನ್ನು ಮಾತ್ರ ಯಂತ್ರದೊಳಗಿಟ್ಟಿದ್ದಳು. ಕೈಯನ್ನು ಇಡಲು ಬರುವುದಿಲ್ಲವಲ್ಲ.

ಅವಳು ಎದ್ದು, ನೋಟಿಗೂ ಯಂತ್ರದ ಬಾಯಿಗೂ ನಡುವೆ ತನ್ನ ಅಂಗೈ ಚಾಚಿದಳು.

"ಇವತ್ತಿಗೆ ಸಾಕು. ಏಳಿ, ಹೊರಡೋಣ."

ಅವರು ಮೊದಲು ನೋಡಿದ್ದು ಯಂತ್ರದ ಕಡೆ. ಆಮೇಲೆ ಕೈಯ ಕಡೆ, ಆಮೇಲೆ ಮುಖದ ಕಡೆ.

"ಇನ್ನೊಂದ್ಸಲ ಹೇಳು."

ಹೇಳಿದಳು.

ಅವರ ಮುಖ ಅರಳುವುದೆಂದು ಗಿಣಿ ಅಂದುಕೊಂಡಿದ್ದಳೇನೋ. ಅದು ಗಟ್ಟಿಯಾಯಿತು. "ಮಾತು ಬರುತ್ತೆ ನಿನಗೆ" ಎಂದರು. "ಪಕ್ಕದಲ್ಲೇ ಕೂತು ನನ್ನ ಕಥೆಯೆಲ್ಲ ಕೇಳಿದೆ. ಒಂದು ಹೂಂ ಅನ್ನಲಿಲ್ಲ."

ನಿಯಮವಿತ್ತು ಎಂದು ಹೇಳಬಹುದಿತ್ತು. ಕೆಲಸ ಕಳೆದುಕೊಂಡೆ ಎಂದೂ ಹೇಳಬಹುದಿತ್ತು. "ತಪ್ಪಾಯ್ತು" ಎಂದಳು. ಚಾಚಿದ ಕೈಯನ್ನು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

ಅವರು ಕೈ ಹಿಡಿಯಲಿಲ್ಲ. ನೋಟುಗಳನ್ನು ಮಡಿಸಿ ಒಳಜೇಬಿಗೆ ಸೇರಿಸಿ, ಕುರ್ಚಿಯ ತೋಳು ಹಿಡಿದು ಎದ್ದರು. ಮುಂದೆ ಅವರು, ಹಿಂದೆ ಅವಳು. ಲಿಫ್ಟಿನೊಳಗೆ ಇಬ್ಬರೇ. ಅವರು ಅಭ್ಯಾಸಬಲದಿಂದ ಗುಂಡಿಗಳ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನಿಂತರು. ಇಳಿದು ನಿಲ್ಲುವಾಗ, ಯಂತ್ರ ಬಾಯಿ ತೆರೆಯುವ ಮುನ್ನವೇ ಹೇಳಿದರು: "ನೆಲಮಹಡಿ. ಹೊಸ್ತಿಲಿದೆ, ಜೋಪಾನ." ಲಿಫ್ಟು ತಡವಾಗಿ ಅದನ್ನೇ ಹೇಳಿತು.

ಹೊರಗೆ ಸಂಜೆ. ಎಲ್ಲರೂ ಯಾರದೋ ಕಡೆಗೆ ಬೇಗಬೇಗ ನಡೆಯುತ್ತಿದ್ದರು. ಇವರಿಬ್ಬರಿಗೆ ಅಂಥ ಅವಸರವಿರಲಿಲ್ಲ. ಬೀದಿ ಕವಲೊಡೆಯುವಲ್ಲಿ ಅವರು ನಿಂತರು, ತಿರುಗಿ ನೋಡದೆಯೇ ಮಾತಾಡಿದರು.

"ನಾಳೆ ಅಲ್ಲಿಗೆ ಹೋಗಲ್ಲ ಅಂತ ನಾನೇನೂ ಮಾತು ಕೊಡಲ್ಲ."

"ಹೂಂ" ಎಂದಳು ಗಿಣಿ.

"ಹೂಂ ಅಂದ್ರೆ?"

"ಕೇಳಿಸ್ಕೊಂಡೆ ಅಂತ."

ಬೀದಿದೀಪ ಒಂದೆರಡು ಸಲ ಮಿಣುಕಿ ಹೊತ್ತಿಕೊಂಡಿತು. ಆಮೇಲೆ, ಒಮ್ಮೆ ಎರಡು ಮಹಡಿಗಳ ನಡುವೆ ಲಿಫ್ಟು ಸಿಕ್ಕಿಕೊಂಡು, ಒಳಗೆ ಅವರೂ, ಅಂಗಡಿಗೆ ಕೆಂಪು ಕೋಟು ಕೊಳ್ಳಲು ಬಂದಿದ್ದ ಒಬ್ಬ ಹೆಂಗಸೂ ಮಾತ್ರ ಉಳಿದದ್ದು, ಆ ಹೆಂಗಸು ಆಮೇಲೆ ತಮ್ಮ ಹೆಂಡತಿಯಾದದ್ದು ಅವರಿಗೆ ನೆನಪಾಯಿತು. "ಒಂದ್ಸಲ ಏನಾಯ್ತು ಗೊತ್ತಾ, ಲಿಫ್ಟು ನಡುವಲ್ಲೇ ನಿಂತ್ಬಿಡ್ತು" ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿ, ಕತ್ತು ವಾಲಿಸಿ ಕಾದರು.

"ಹೂಂ" ಎಂದಳು ಗಿಣಿ.

ಅವರು ತಮ್ಮ ಮನೆಯ ದಾರಿ ಹಿಡಿದರು, ಕಥೆ ಹೇಳುತ್ತಲೇ. ಅವಳ ದಾರಿ ಅದಾಗಿರಲಿಲ್ಲ. ಕೆಂಪು ಕೋಟಿನ ಹೆಂಗಸು ಇನ್ನೂ ಲಿಫ್ಟಿನಲ್ಲೇ ಇದ್ದಳು, ಅದಕ್ಕೆ ಗಿಣಿ ಅವರ ಹಿಂದೆ ನಡೆದಳು.